ಗಿರಣಿಯ ಸಾಥ್

ನನ್ನ ತಂಗಿ ತೀರಿಕೊಂಡ ಮೇಲೆ ಅವಳ ವಿಷಯವನ್ನು ನಾನು ಯಾರ ಮುಂದೆಯೂ ಹೆಚ್ಚು ಆಡಿಲ್ಲ. ಮೊದಲಿನಿಂದಲೂ ನನಗೆ ಮಾತು ಕಡಿಮೆ. ಶಾಲೆ ಕಲಿತದ್ದು ಏಳನೆಯ ಇಯತ್ತೆಯವರೆಗೆ. ಮುಂದಿನದೆಲ್ಲ ಪೇಪರು ಓದಿ, ವಾಚನಾಲಯದ ಪುಸ್ತಕ ಓದಿ ಬಂದದ್ದು. ಆದರೆ ಊರಲ್ಲಿ ಅವಳ ಬಗ್ಗೆ ಒಂದು ಮಾತು ಇನ್ನೂ ಓಡಾಡುತ್ತದೆ: ಯೂನಿವರ್ಸಿಟಿಗೆ ಹೋಗಿ ಸಂಗೀತದಲ್ಲಿ ನಪಾಸಾಗಿ ಬಂದಳು, ಪಾಪ. ನಪಾಸಾದದ್ದು ನಿಜ. ಆ ‘ಪಾಪ’ ಮಾತ್ರ ನನಗೆ ಒಪ್ಪಿಗೆಯಿಲ್ಲ. ಆ ಪರೀಕ್ಷೆಯ ದಿನ ಅಲ್ಲಿದ್ದವರಲ್ಲಿ ಅವಳ ಕಡೆಯವಳು ನಾನೊಬ್ಬಳೇ. ಹಾಗಾಗಿ ನಾನೇ ಬರೆಯಬೇಕು.

ಎಂಬತ್ತರ ದಶಕದ ಮಾತು. ಗುಡಗೇರಿಯಲ್ಲಿ ಸ್ಟೇಶನ್ನಿಗೆ ಹೋಗುವ ದಾರಿಯ ಮೇಲೆ ನಮ್ಮದೊಂದು ಹಿಟ್ಟಿನ ಗಿರಣಿ ಇತ್ತು. ಅಪ್ಪ ಹೋದ ಮೇಲೆ ಅದನ್ನು ಅವ್ವ ಮತ್ತು ನಾನು ನಡೆಸುತ್ತಿದ್ದೆವು. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದೇ ಗೋಡೆ. ಮೋಟರು ಹಚ್ಚಿದರೆ ಇಡೀ ಓಣಿಯ ಕರೆಂಟು ಒಮ್ಮೆ ಕುಸಿಯುತ್ತಿತ್ತು. ಬಲ್ಬು ಕೆಂಪಗಾಗುತ್ತಿತ್ತು, ರೇಡಿಯೊದಲ್ಲಿ ಹಾಡುವವರ ಗಂಟಲು ಕಟ್ಟುತ್ತಿತ್ತು. ಅದಕ್ಕೆ ಸ್ಟಾರ್ಟರಿನ ಹ್ಯಾಂಡಲ್ ಎಳೆಯುವ ಮುಂಚೆ ಬಾಗಿಲಿಗೆ ಬಂದು “ಹಚ್ಚತೀನ್ರೀ” ಎಂದು ಕೂಗಬೇಕು. ಅಪ್ಪನ ಕಾಲದಿಂದ ಬಂದ ರೂಢಿ ಅದು. ಕೂಗಿದೊಡನೆ ರೇಡಿಯೊ ಇದ್ದವರು ರೇಡಿಯೊ ಬಂದ್ ಮಾಡುತ್ತಿದ್ದರು. ಕೂಗುವುದನ್ನು ಮರೆತರೆ ಆಚೆ ಈಚೆಯವರು ಬಂದು ಬೈಯುತ್ತಿದ್ದರು. “ನನ್ನ ಹಿರೇ ಮಗಳು ದಿನಾ ಆಡೂದು ಒಂದ ಮಾತು, ಅದನ್ನ ಓಣಿ ತುಂಬ ಆಡತಾಳ” ಎಂದು ಅವ್ವ ಚೇಷ್ಟೆ ಮಾಡುತ್ತಿದ್ದಳು.

ತಂಗಿ ಬೆಳೆದದ್ದು ಈ ಸದ್ದಿನಲ್ಲೇ. ಅವಳ ದನಿ ಚೆನ್ನಾಗಿತ್ತು. ಶಾಲೆಯಲ್ಲಿ ಪ್ರಾರ್ಥನೆ ಹಾಡುವವಳು ಅವಳೇ, ಭಜನೆಯಲ್ಲಿ ಹೆಂಗಸರ ಕಡೆಯಿಂದ ಎತ್ತಿಕೊಡುವವಳೂ ಅವಳೇ. ಮೆಟ್ರಿಕ್ ಆಗಿ, ಕಾಲೇಜೂ ಆಗಿ, ಸಂಗೀತದ ಪದವಿಗೆ ಸೇರುತ್ತೇನೆ ಎಂದಾಗ ಅವ್ವ ಬೇಡವೆನ್ನಲಿಲ್ಲ. ಪದವಿಯಾದರೆ ಸುತ್ತಮುತ್ತಲಿನ ಯಾವುದಾದರೂ ಹೈಸ್ಕೂಲಿನಲ್ಲಿ ಸಂಗೀತ ಶಿಕ್ಷಕಿಯ ಕೆಲಸ ಸಿಗುತ್ತದೆ ಎಂಬುದು ನಮ್ಮ ಮನೆಯ ಆಸೆ. ಒಂದು ಹೈಸ್ಕೂಲಿನವರು ಪದವಿ ಮುಗಿಸಿ ಬಾ ಎಂದು ಬಾಯಿಮಾತಿನಲ್ಲಿ ಹೇಳಿಯೂ ಇದ್ದರು. ವಿಶ್ವವಿದ್ಯಾಲಯದ ಹೆಸರು ಇಲ್ಲಿ ಬೇಡ. ಬೆಳಿಗ್ಗೆ ರೈಲಿಗೆ ಹೋದರೆ ಸಂಜೆ ರೈಲಿಗೆ ಬರಬಹುದಾಗಿತ್ತು.

ಅವಳು ಎರಡನೆಯ ವರ್ಷದಲ್ಲಿದ್ದಾಗ ಸಂಗೀತ ವಿಭಾಗಕ್ಕೆ ಪರದೇಶದಲ್ಲಿ ಕಲಿತು ಬಂದ ತರುಣ ಪ್ರಾಧ್ಯಾಪಕರೊಬ್ಬರು ಸೇರಿದರು. ಇಲೆಕ್ಟ್ರಾನಿಕ್ ಸಂಗೀತ ಎಂಬ ಹೊಸ ವಿಷಯ ತೆರೆದರು. ಟ್ರಾನ್ಸಿಸ್ಟರಿನಿಂದ ಸ್ವರ ಹೊರಡಿಸುವುದು, ಟೇಪು ಕತ್ತರಿಸಿ ಜೋಡಿಸುವುದು, ಕೊನೆಯ ವರ್ಷ ಸ್ವಂತದ ಒಂದು ರಚನೆ ಮಾಡಿ ಪರೀಕ್ಷೆಯಲ್ಲಿ ಕೇಳಿಸುವುದು. ಕೇಳಿದ ಹುಡುಗರು ನಕ್ಕರಂತೆ. ತೆಗೆದುಕೊಂಡವಳು ನಮ್ಮ ತಂಗಿ ಒಬ್ಬಳೇ. ಒಂದು ವರ್ಷ ಕಲಿಸಿ ಆ ಪ್ರಾಧ್ಯಾಪಕರು ಬೇರೆ ಊರಿನ ನೌಕರಿ ಹಿಡಿದು ಹೋದರು. ವಿಷಯ ಉಳಿಯಿತು, ಕಲಿಸುವವರಿಲ್ಲ. ಕಲಿಯುವವಳು ಇದ್ದಳು.

ಗೋಡೆಯ ಹಿಂದಿನ ಖೋಲಿಯಲ್ಲಿ ಅವಳು ಎರಡು ಕಟ್ಟಿಗೆಯ ಡಬ್ಬಿ ಕಟ್ಟಿದಳು. ಒಂದರಿಂದ ಷಡ್ಜ ಬರುತ್ತಿತ್ತು, ಇನ್ನೊಂದರಿಂದ ಪಂಚಮ. ಸಂತೆಯ ಬಯಲಿನ ಬಾಜು ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಕಾಕಾ ಅವಳಿಗೆ ಹಳೆಯ ರೇಡಿಯೊಗಳ ಬಿಡಿಭಾಗ ಕೊಡುತ್ತಿದ್ದರು. ನಾನು ಗಿರಣಿ ಹಚ್ಚಿದಾಗ ಆ ಎರಡು ಸ್ವರಗಳೂ ಕೆಳಗೆ ಜಾರುತ್ತಿದ್ದವು. ಆದರೆ ಒಂದೇ ಸಮನೆ ಅಲ್ಲ. ಒಂದು ಹೆಚ್ಚು, ಒಂದು ಕಡಿಮೆ. ಒಂದನ್ನೊಂದು ಬಿಟ್ಟು ದೂರ ಹೋಗಿ, ನಡುವೆ ಒಂದು ಥರ ನಡುಕ ಹುಟ್ಟಿ, ಮೋಟರು ವೇಗ ಹಿಡಿದಂತೆ ಮೆಲ್ಲಗೆ ಮೇಲೇರಿ ಮತ್ತೆ ಬಂದು ಕೂಡುತ್ತಿದ್ದವು. ಜೋಳ ಸುರಿದರೆ ತುಸು ಬಾಗುತ್ತಿದ್ದವು. ಜೋಳ ತೀರಿ ಕಲ್ಲು ಹಗುರಾದರೆ ಎದ್ದು ನಿಲ್ಲುತ್ತಿದ್ದವು.

ಒಂದು ದಿನ ಕಾಕಾ ಬಂದು ಇದನ್ನು ಕೇಳಿದರು.

“ನಿಮ್ಮಕ್ಕ ಓಣಿ ರಕ್ತಾನ ಹೀರತಾಳ ನೋಡು ಬೇಟಾ,” ಎಂದರು. “ಒಂದ್ ಸಣ್ಣ ಪಾರ್ಟ್ ಹಾಕಿ ಕೊಡತೀನಿ ತಗೋ. ಅಗದಿ ಅಲ್ಲಾಡೂದಿಲ್ಲ.”

“ಬ್ಯಾಡ್ರಿ ಕಾಕಾ. ಅಲ್ಲಾಡೂದ ಬೇಕು ನನಗ.”

ಕಾಕಾ ನನ್ನ ಕಡೆ ತಿರುಗಿ, “ಇಕಿ ಔಷಧ ಬ್ಯಾಡ, ಬ್ಯಾನಿ ಕೊಡ್ರಿ ಅನ್ನಾಕಿ,” ಎಂದರು.

ಆ ಜಾರುವಿಕೆಯ ಮೇಲೆಯೇ ಅವಳು ತನ್ನ ರಚನೆ ಕಟ್ಟಿದಳು. ಎರಡು ದನಿಗಳು ಅಗಲುವುದು, ಒದ್ದಾಡುವುದು, ಕೂಡುವುದು. ನಾನು ಎಷ್ಟು ಹೊತ್ತಿಗೆ ಹಚ್ಚುತ್ತೇನೆ, ಯಾವಾಗ ಸುರಿಯುತ್ತೇನೆ ಎಂದು ಗೋಡೆಗೆ ಕಿವಿಗೊಟ್ಟು ಕೂಡುತ್ತಿದ್ದಳು. ನನಗೆ ಮೊದಲು ಅದು ಹಾಡು ಅನ್ನಿಸಲೇ ಇಲ್ಲ. ಆಮೇಲೆ ಒಂದು ಮಧ್ಯಾಹ್ನ ಕರೆಂಟು ಹೋಗಿ, ಎಲ್ಲ ಸುಮ್ಮನಾದಾಗ, ಏನೋ ಅರ್ಧಕ್ಕೆ ನಿಂತಿತು ಎಂದು ಸಂಕಟವಾಯಿತು. ಅದರಿಂದ ನನಗೆ ಗೊತ್ತಾಯಿತು.

ಈಗ ನಾವು ಮಾಡಿದ ಹುಚ್ಚು ಕೆಲಸ ಹೇಳುತ್ತೇನೆ. ಕರೆಂಟು ಅಂದರೆ ಅಲುಗಾಡುವಂಥದ್ದು ಎಂದೇ ನಮ್ಮ ತಿಳುವಳಿಕೆ. ಪರೀಕ್ಷೆಗೆ ಡಬ್ಬಿಗಳನ್ನು ಒಯ್ಯುವ ಮುಂಚೆ ನಾನು ಕೇಳಿದೆ: “ಅಲ್ಲಿ ಗಿರಣಿ ಯಾರು ಹಚ್ಚತಾರ?” ಅವಳು ನಕ್ಕಳು. “ಶಹರದಾಗ ದೊಡ್ಡ ದೊಡ್ಡ ಗಿರಣಿ, ಫ್ಯಾಕ್ಟರಿ ಅದಾವ ಅಕ್ಕಾ. ಇಲ್ಲಿಕಿಂತ ಚೊಲೋ ಇಳೀತೈತಿ.” ಡಬ್ಬಿಗಳನ್ನು ಕೌದಿಯಲ್ಲಿ ಸುತ್ತಿಕೊಂಡು ರೈಲು ಹತ್ತಿದಳು. ಸಂಜೆ ತಿರುಗಿ ಬಂದವಳು ಸೀದಾ ಗಿರಣಿಯ ಬಾಗಿಲಲ್ಲಿ ಕೂತಳು.

“ಇಳೀಲಿಲ್ಲ,” ಎಂದಳು.

ಪರೀಕ್ಷೆಯ ಕೋಣೆಯಲ್ಲಿ ಕರೆಂಟು ಕುಸಿಯಲೇ ಇಲ್ಲ, ಎರಡು ಸ್ವರಗಳೂ ನೆಟ್ಟ ಕಂಬದಂತೆ ನಿಂತುಬಿಟ್ಟವಂತೆ. ನಮ್ಮೂರಿನಲ್ಲಿ ಎಂದೂ ಇರದಷ್ಟು ಮೇಲೆ, ಗಟ್ಟಿಯಾಗಿ. ಎಷ್ಟು ಹೊತ್ತಾದರೂ ಮಿಸುಕಲಿಲ್ಲ. ವಿಭಾಗದ ಮುಖ್ಯಸ್ಥರು, ವಯಸ್ಸಾದ ಗಾಯಕರು, ಬಹಳ ಹೊತ್ತು ಕಾದು “ಶುರು ಯಾವಾಗ ಮಾಡ್ತಿ, ತಂಗಿ?” ಎಂದು ಕೇಳಿದರಂತೆ. “ಶುರುವಾಗೇತ್ರಿ” ಎಂದಳಂತೆ ಇವಳು.

ಹೇಳುತ್ತ ಅವಳಿಗೂ ನಗು ಬಂತು, ನನಗೂ ಬಂತು. ಅವ್ವ ಒಳಗಿನಿಂದ, “ನಪಾಸ್ ಆಗಿ ಬಂದು ಹಲ್ಲ ಕಿಸೀತಾವ ನೋಡು” ಎಂದಳು. ತಂಗಿ ನಗು ನಿಲ್ಲಿಸಿ, “ಈ ನಪಾಸ್ ಬರೋಬರಿ ಐತಿ ಅವ್ವಾ,” ಎಂದಳು. “ನಾ ಅಂದಂಗ ಆಗಲಿಲ್ಲ. ಅವರದು ತಪ್ಪಿಲ್ಲ.”

ಅಕ್ಟೋಬರ್ ತಿಂಗಳಲ್ಲಿ ಮತ್ತೊಮ್ಮೆ ಪರೀಕ್ಷೆ ಇತ್ತು. ಮುಖ್ಯಸ್ಥರು ಅವಳನ್ನು ಕರೆದು ಬುದ್ಧಿ ಹೇಳಿದ್ದರು. ವಿಷಯ ಬದಲಿಸಿಕೊ, ತಂಬೂರಿ ಹಿಡಿದು ಒಂದು ರಾಗ ಹಾಡು, ನಿನ್ನ ದನಿಗೆ ಫಸ್ಟ್ ಕ್ಲಾಸ್ ಎಲ್ಲೂ ಹೋಗುವುದಿಲ್ಲ. ಅವರು ಕೆಟ್ಟವರಲ್ಲ. ನಿಜವಾಗಿಯೂ ಅವಳ ಒಳ್ಳೆಯದನ್ನೇ ಬಯಸಿದ್ದರು. ಮನೆಯಲ್ಲಿ ಅವ್ವನೂ ಅದನ್ನೇ ಹೇಳಿದಳು. ತಂಗಿ ಇಬ್ಬರಿಗೂ ಒಂದೇ ಉತ್ತರ ಕೊಟ್ಟಳು: ನಾನು ಮಾಡಿದ್ದು ಹಾಡೋ ಅಲ್ಲವೋ, ಅದನ್ನು ತಿಳಿದುಕೊಳ್ಳದೆ ಬೇರೆ ಹಾಡುವುದಿಲ್ಲ.

ಕಾಕಾನ ಅಂಗಡಿಯಲ್ಲಿ ಒಂದು ಪೆಟ್ಟಿಗೆ ಇತ್ತು. ಮೇಲೆ ದುಂಡನೆಯ ಹಿಡಿ. ಅದನ್ನು ತಿರುಗಿಸಿದರೆ ಕರೆಂಟು ಬೇಕಾದಷ್ಟು ಏರುತ್ತದೆ, ಇಳಿಯುತ್ತದೆ. ರಿಪೇರಿಯವರು ರೇಡಿಯೊ ಪರೀಕ್ಷಿಸಲು ಬಳಸುತ್ತಿದ್ದರು. ತಂಗಿ ಅದನ್ನು ಕಡ ತಂದು ಡಬ್ಬಿಗಳಿಗೆ ಜೋಡಿಸಿ, ನನ್ನನ್ನು ಅದರ ಮುಂದೆ ಕೂಡಿಸಿದಳು.

“ನಾ ಎರಡೂ ಡಬ್ಬಿ ನೋಡಬೇಕು, ಟೇಪು ನೋಡಬೇಕು. ಇದನ್ನ ನೀ ತಿರುವು. ನೀ ಈಗ ಗಿರಣಿ.”

“ನನಗ ಏನ್ ಬರತೈತಿ ಬೇ?”

“ದಿನಾ ಮಾಡೂದ ಮಾಡು. ಹ್ಯಾಂಡಲ್ ಎಳದಾಗ ಎಷ್ಟ ಜೋರ್ ಬೀಳತೈತಿ, ಆಮ್ಯಾಲೆ ಹ್ಯಾಂಗ ಏರತೈತಿ, ಹಂಗ.”

ಆಮೇಲೆ ನಾವು ದಿನವೂ ಗಿರಣಿ ಮುಚ್ಚಿದ ಬಳಿಕ ಊಟಕ್ಕೆ ಮುಂಚೆ ಕೂಡುತ್ತಿದ್ದೆವು. ನಾನು ಬೇಗ ಇಳಿಸಿದರೆ, ಮೋಟರಿನ ಬೆಲ್ಟು ಕಡಿದುಹೋದಂತೆ, “ಪಟ್ಟಾ ಹರೀತು ನೋಡು” ಎನ್ನುತ್ತಿದ್ದಳು. ಏರಿಸಲು ತಡ ಮಾಡಿದರೆ “ಫ್ಯೂಸ್ ಹೋತು” ಎನ್ನುತ್ತಿದ್ದಳು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, “ಒಬ್ಬಾಕಿ ಹುಚ್ಚಿ ಅಂತ ತಿಳದಿದ್ದೆ” ಎಂದು ನಮ್ಮಿಬ್ಬರನ್ನೂ ನೋಡುತ್ತಿದ್ದಳು.

ಪರೀಕ್ಷೆಯ ದಿನ ಗಿರಣಿಗೆ ರಜೆ ಹಾಕಿ ಇಬ್ಬರೂ ಹೋದೆವು. ಹಾಡುವ ವಿದ್ಯಾರ್ಥಿಗೆ ತಬಲಾ, ಹಾರ್ಮೋನಿಯಂ ಸಾಥ್ ಮಾಡುವವರನ್ನು ಕರೆದುಕೊಂಡು ಬರುವ ಅನುಮತಿ ಇತ್ತು. ತಂಗಿ ಆ ನಿಯಮವನ್ನೇ ಹಿಡಿದುಕೊಂಡಿದ್ದಳು. ಕೋಣೆಯಲ್ಲಿ ಮುಖ್ಯಸ್ಥರು, ಅವರ ಪಕ್ಕ ಬೇರೆ ಊರಿಂದ ಬಂದ ಪರೀಕ್ಷಕರೊಬ್ಬರು.

“ಸಾಥಿಗೆ ಯಾರು?” ಎಂದು ಪರೀಕ್ಷಕರು ಕೇಳಿದರು.

“ನಮ್ಮಕ್ಕರಿ.”

“ಯಾವ ವಾದ್ಯ?”

“ಗಿರಣಿರಿ.”

ಪರೀಕ್ಷಕರು ಮುಖ್ಯಸ್ಥರ ಕಡೆ ನೋಡಿದರು. ಮುಖ್ಯಸ್ಥರು ಕಣ್ಣು ಮುಚ್ಚಿ, “ಬರಕೋರಿ,” ಎಂದರು.

ತಂಗಿ ಕರಿಹಲಗೆಯ ಹತ್ತಿರ ಹೋಗಿ ಎರಡು ಗೆರೆ ಎಳೆದಳು. ಎರಡೂ ಕೆಳಗೆ ಬಾಗಿ, ಅಗಲವಾಗಿ, ಮತ್ತೆ ಏರಿ, ಮೂರು ಕಡೆ ಒಂದನ್ನೊಂದು ಕೂಡುತ್ತಿದ್ದವು. “ನನ್ನ ಎರಡು ಸ್ವರ ಹಿಂಗ ಹೋಗತಾವ್ರಿ,” ಎಂದಳು. “ಎಲ್ಲಿ ಅಗಲಬೇಕು, ಎಲ್ಲಿ ಕೂಡಬೇಕು, ಮೊದಲ ತೋರಿಸೀನಿ. ಹಿಂಗ ಹೋಗಲಿಲ್ಲಂದ್ರ ಸೊನ್ನಿ ಹಾಕ್ರಿ. ಹೋದ್ರ, ಅದಕ್ಕ ಎಷ್ಟ ಕೊಡಬೇಕೋ ಕೊಡ್ರಿ. ನಿಮ್ಮ ಹತ್ರ ಇದಕ್ಕ ಅಳತಿ ಇಲ್ಲಂತ ಕೇಳೇನಿ. ಇದ ಅಳತಿ.”

ಅವಳು ಡಬ್ಬಿಗಳನ್ನು ಶುರು ಮಾಡಿ ನನ್ನ ಕಡೆ ತಲೆ ಆಡಿಸಿದಳು. ನಾನು ಹಿಡಿ ತಿರುಗಿಸುವ ಬದಲು, ರೂಢಿಯಂತೆ, “ಹಚ್ಚತೀನ್ರೀ” ಎಂದು ಕೂಗಿಬಿಟ್ಟೆ. ಆ ಕೋಣೆಯಲ್ಲಿ ಅದು ಎಷ್ಟು ಜೋರಾಗಿ ಕೇಳಿಸಿತೆಂದರೆ, ಬಾಗಿಲ ಹೊರಗೆ ಸರದಿಗೆ ಕಾಯುತ್ತಿದ್ದ ತಬಲಾದವನು ಇಣುಕಿ ನೋಡಿದ. ಕೂಗಿದ ಮೇಲೆಯೇ ನನ್ನ ಕೈ ಹಿಡಿಗೆ ಹೋಯಿತು. ಅಷ್ಟು ತಡವಾಯಿತು.

ಆಮೇಲೆ ತಪ್ಪಲಿಲ್ಲ. ದನಿಗಳು ಬಿದ್ದವು, ಒಂದನ್ನೊಂದು ಬಿಟ್ಟು ಹೋದವು, ಆ ನಡುಕ ಹುಟ್ಟಿತು. ಜೋಳ ಸುರಿದ ಹಾಗೆ ಬಾಗಿದವು. ತಂಗಿ ಟೇಪಿನಲ್ಲಿ ಹಿಡಿದು ತಂದಿದ್ದ ನಮ್ಮ ಗಿರಣಿಯ ಪಟ್ಟಾದ ಸದ್ದನ್ನು ದೂರದಿಂದ ಬಿಟ್ಟಳು, ಮಳೆ ಬರುವ ಮುಂಚೆ ಎಲ್ಲೋ ಗುಡುಗಿದಂತೆ. ಮುಖ್ಯಸ್ಥರ ಕೈ ಮೇಜಿನ ಮೇಲೆ ತನ್ನಷ್ಟಕ್ಕೇ ಸರಿಯುತ್ತಿತ್ತು, ದನಿ ಇಳಿದಾಗ ಇಳಿಯುತ್ತ, ಏರಿದಾಗ ಏರುತ್ತ. ಅದನ್ನು ನಾನು ಕಂಡಿದ್ದೇನೆ. ಕೊನೆಗೆ ಎರಡೂ ಬಂದು ಕೂಡಿದಾಗ ಅವರ ಕೈ ನಿಂತಿತು.

“ಆರಂಭದಾಗ ಒಂದು ಕೂಗು ಇತ್ತಲ್ಲ, ಅದು ರಚನೆ ಭಾಗವೇ?” ಎಂದು ಪರೀಕ್ಷಕರು ಕೇಳಿದರು.

“ಇಲ್ಲರಿ. ಅದು ನಮ್ಮಕ್ಕ,” ಎಂದಳು ತಂಗಿ. ಕರಿಹಲಗೆಗೆ ಹೋಗಿ ಮೊದಲ ಬಾಗಿನ ಮೇಲೆ ಒಂದು ಗುರುತು ಹಾಕಿದಳು. “ಇಲ್ಲಿ ತಡ ಆತು. ಗೆರಿಗೆ ಕೂಡಲಿಲ್ಲ. ಇದಕ್ಕ ಅಂಕ ಕಳೀರಿ.”

ನಮ್ಮನ್ನು ಹೊರಗೆ ಕೂಡಿಸಿದರು. ಬಹಳ ಹೊತ್ತಾದ ಮೇಲೆ ಮುಖ್ಯಸ್ಥರು ತಮ್ಮ ಕೋಣೆಗೆ ಕರೆದರು. ಅವರೊಬ್ಬರೇ ಇದ್ದರು. ನಮಗೆ ಚಹಾ ತರಿಸಿದರು. ಪಾಸಾಗಲು ನಾಲ್ಕು ಅಂಕ ಕಡಿಮೆ ಬಿದ್ದಿವೆ ಎಂದರು. ಶ್ರುತಿಗೆ ಕೊಟ್ಟಿದ್ದರು, ಲಯಕ್ಕೆ ಕೊಟ್ಟಿದ್ದರು, ಕಲ್ಪನೆಗೆ ಪೂರ್ತಿ ಕೊಟ್ಟಿದ್ದರು. ರಾಗಶುದ್ಧಿಗೆ ಸೊನ್ನೆ.

“ರಾಗ ಹಾಡತೀನಿ ಅಂತ ನಾ ಹೇಳೇ ಇಲ್ಲಲ್ರೀ ಸರ್.”

“ಅಂಕ ತುಂಬೂ ತಖ್ತೆದಾಗ ಆ ಕಾಲಂ ಅದ, ತಂಗಿ. ಖಾಲಿ ಬಿಡಲಿಕ್ಕೆ ಬರೂದಿಲ್ಲ. ಇಲ್ಲದ ರಾಗಕ್ಕ ನಾ ಏನು ಅಂಕ ಹಾಕಲಿ?”

“ವಿಷಯ ತಂದೀರಿ, ತಖ್ತೆ ಹಳೇದ ಇಟ್ಟೀರಿ.”

“ಖರೆ. ನಾ ಇಲ್ಲ ಅನ್ನೂದಿಲ್ಲ. ಆದರ ನನ್ನ ಕಡೆಯಿಂದನೂ ನೋಡು. ಅಳತಿ ಬಿಟ್ಟು ಅಂಕ ಕೊಟ್ಟರ, ನಾಳೆ ಇನ್ನೊಬ್ಬ ಬಂದು ಡಬ್ಬಿ ಬಡದು ಇದೂ ಹಾಡು ಅಂತಾನ. ಅವಗ ಏನ ಹೇಳಲಿ?” ಅವರು ಚಹಾದ ಬಟ್ಟಲು ಪಕ್ಕಕ್ಕಿಟ್ಟರು. “ಅದಕ್ಕ ಒಂದು ದಾರಿ ಅದ. ನಾಲ್ಕು ಅಂಕ ಕೃಪಾಂಕ ಕೊಡಲಿಕ್ಕೆ ಬರತದ. ನೀ ಎರಡು ಸಾಲು ಅರ್ಜಿ ಬರದು ಕೊಡು, ನಾ ಈಗಿಂದೀಗ ಸಹಿ ಮಾಡತೀನಿ. ಪಾಸಾದಿ.”

ಕೃಪಾಂಕ ಆಗ ಹೊಸದಲ್ಲ. ಎಷ್ಟೋ ಜನ ಪಡೆಯುತ್ತಿದ್ದರು, ಅದರಲ್ಲಿ ಅವಮಾನವೂ ಇರಲಿಲ್ಲ. ಆ ನಾಲ್ಕು ಅಂಕಗಳ ಆಚೆ ಹೈಸ್ಕೂಲಿನ ಕೆಲಸ ಇತ್ತು. ನಾನು ಅವಳ ಮುಖ ನೋಡಿದೆ.

“ನಾ ತಪ್ಪಿದ್ದಕ್ಕ ಕಳದ್ರಿ, ಅದು ನನ್ನದು,” ಎಂದಳು. “ಅದು ಹಾಡಲ್ಲ ಅಂತ ಅನಸಿದ್ರ ಹಾಗಂತ ಬರೀರಿ. ಹಾಡು ಅಂತ ಅನಸಿದ್ರ ಪಾಸ್ ಅನ್ರಿ. ಕೃಪಾ ಅಂದ್ರ ಎರಡೂ ಅಲ್ಲರಿ. ಹಾಡಲ್ಲ, ಆದ್ರೂ ಹೋಗ್ಲಿ, ಅಂದಂಗ ಆತು. ನನಗ ಬ್ಯಾಡ.”

ಮುಖ್ಯಸ್ಥರು ನನ್ನ ಕಡೆ ತಿರುಗಿದರು. “ನೀವು ಹಿರೇರು ಅದೀರಿ, ಅಕ್ಕಾರ. ಮನೀ ಪರಿಸ್ಥಿತಿ ನಿಮಗ ಗೊತ್ತು. ನೀವರೆ ತಿಳಿಸಿ ಹೇಳ್ರಿ.”

ನಾನು ಹೇಳಿದರೆ ಅವಳು ಕೇಳುತ್ತಿದ್ದಳು ಎಂದು ಈಗಲೂ ನನಗೆ ಅನ್ನಿಸುತ್ತದೆ. ಅಪ್ಪ ಹೋದಾಗ ಅವಳು ಚಿಕ್ಕವಳು, ನಾನೇ ಕೈ ಹಿಡಿದು ಶಾಲೆಗೆ ಬಿಟ್ಟವಳು. ಅವ್ವ ಬೆಳಿಗ್ಗೆ ಹೊರಡುವಾಗ, ಏನಾದರೂ ಮಾಡಿ ಈ ಸಲ ಮುಗಿಸಿಕೊಂಡು ಬರ್ರಿ ಎಂದಿದ್ದಳು. ಆದರೆ ನಾನು ಆ ಹಿಡಿ ತಿರುಗಿಸಿದ್ದೆ. ಆ ಎರಡು ದನಿಗಳು ಬಂದು ಕೂಡಿದಾಗ ನನ್ನ ಮೈ ಜುಮ್ಮೆಂದಿತ್ತು. ಅದು ಏನೂ ಅಲ್ಲ ಎನ್ನುವ ಅರ್ಜಿಯನ್ನು ನನ್ನ ಬಾಯಿಂದಲೇ ಬರೆಸುವುದು ನನಗಾಗಲಿಲ್ಲ.

“ನಾ ಸಾಥ್ ಮಾಡಾಕ ಬಂದಾಕಿರಿ,” ಎಂದೆ. “ಆಕಿ ಹೋದಲ್ಲಿ ಹೋಗೂದ ನನ್ನ ಕೆಲಸ.”

ಚಹಾ ಮುಗಿಸಿ, ಅವರಿಗೆ ನಮಸ್ಕಾರ ಮಾಡಿ, ಡಬ್ಬಿಗಳನ್ನು ಕೌದಿಯಲ್ಲಿ ಸುತ್ತಿಕೊಂಡು ಹೊರಟೆವು. ಅವರು ಬಾಗಿಲವರೆಗೆ ಬಂದು ನಿಂತರು. ರೈಲಿನಲ್ಲಿ ತಂಗಿ ಅತ್ತಳು. ಅಳಲಿಲ್ಲ ಎಂದು ಬರೆದರೆ ಅವಳಿಗೆ ಸಲ್ಲುವುದಿಲ್ಲ. ಕಿಟಕಿಯ ಕಡೆ ಮುಖ ಮಾಡಿ ಸೆರಗು ಕಚ್ಚಿಕೊಂಡು ಅತ್ತಳು. ಕಣ್ಣೊರೆಸಿಕೊಂಡು, “ಅವ್ವಗ ಏನ್ ಹೇಳೂಣು?” ಎಂದಳು. “ಇದ್ದದ್ದ ಹೇಳೂಣು,” ಎಂದೆ. ಅವ್ವ ಒಂದು ವಾರ ನಮ್ಮಿಬ್ಬರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ.

ಹೈಸ್ಕೂಲಿನ ಕೆಲಸ ಬೇರೆಯವರಿಗೆ ಹೋಯಿತು. ಮುಂದೆ ಅವಳು ಕಾಕಾನ ಅಂಗಡಿಯಲ್ಲಿ ಕೂತಳು, ಕಾಕಾ ದಣಿದ ಮೇಲೆ ಅಂಗಡಿ ತಾನೇ ನೋಡಿಕೊಂಡಳು. ಸುತ್ತಲಿನ ಊರುಗಳ ಭಜನಾ ಮೇಳಗಳಿಗೆ ಶ್ರುತಿಪೆಟ್ಟಿಗೆ ಕಟ್ಟಿಕೊಟ್ಟಳು. ಅವುಗಳಲ್ಲಿ ಮಾತ್ರ ಅಲ್ಲಾಡದಂತೆ ಆ ಸಣ್ಣ ಪಾರ್ಟ್ ಹಾಕುತ್ತಿದ್ದಳು. ಸಂಜೆ ಮಕ್ಕಳಿಗೆ ಹಾಡು ಕಲಿಸಿದಳು. ಸಿರಿವಂತಳಾಗಲಿಲ್ಲ. ಮದುವೆಯ ಮಾತು ಬಂದಲ್ಲೆಲ್ಲ ಈ ನಪಾಸಿನ ಮಾತೂ ಬಂತು. ಒಂದೆರಡು ಕಡೆ ಅದೇ ಕಾರಣಕ್ಕೆ ಬೇಡ ಎಂದರು. ಅವಳು ಅದನ್ನು ಮುಚ್ಚಿಡಲೂ ಇಲ್ಲ, ಯಾರಿಗೂ ಬಿಡಿಸಿ ಹೇಳಲೂ ಇಲ್ಲ. ಪಶ್ಚಾತ್ತಾಪ ಐತೇನ ಎಂದು ನಾನು ಒಮ್ಮೆ ಕೇಳಿದ್ದೆ. “ಬ್ಯಾಸರ ಐತಿ,” ಎಂದಳು. “ಪಶ್ಚಾತ್ತಾಪ ಇಲ್ಲ.”

ಅವಳು ಹೋದದ್ದು ಕಳೆದ ಚಳಿಗಾಲದಲ್ಲಿ. ಅವಳಿಂದ ಹಾಡು ಕಲಿತವರು ಈಗ ದೊಡ್ಡವರಾಗಿದ್ದಾರೆ. ಅವರೆಲ್ಲ ಸೇರಿ ಶಾಲೆಯ ಬಯಲಿನಲ್ಲಿ ಒಂದು ಶ್ರದ್ಧಾಂಜಲಿ ಸಭೆ ಇಟ್ಟುಕೊಂಡರು. ನಾನು ಹೋದಾಗ ದೊಡ್ಡ ಫಲಕ ಕಟ್ಟಿ ಆಗಿತ್ತು. ಅವಳ ಫೋಟೊ, ಕೆಳಗೆ ಅವಳ ಹೆಸರು, ಹೆಸರಿನ ಮುಂದೆ ದಪ್ಪ ಅಕ್ಷರದಲ್ಲಿ ಸಂಗೀತದ ಪದವಿ, ‘ಬಿ. ಮ್ಯೂಸ್.’

“ಇದನ್ನ ಯಾಕ ಹಾಕೀರಿ?” ಎಂದು ಕೇಳಿದೆ.

“ಒಂದ್ ಗೌರವಕ್ಕರಿ, ಅಕ್ಕಾರ,” ಎಂದ, ಸಭೆ ಏರ್ಪಡಿಸಿದವರಲ್ಲಿ ಒಬ್ಬ. “ಅಷ್ಟು ಕಲಿತವರು. ಯಾರು ಕೇಳತಾರ ಈಗ?”

“ಆಕಿ ಬ್ಯಾಡ ಅಂದಾಳಪಾ ಇದನ್ನ.”

“ಸಭಾ ಶುರುವಾಗೂ ಹೊತ್ತಾತ್ರಿ. ಈಗ ಬದಲಿ ಮಾಡಾಕ ಆಗೂದಿಲ್ಲ. ಇರಲಿ ಬಿಡ್ರಿ.”

ಸಿಟ್ಟಿನಿಂದ ಹೇಳಿದ್ದಲ್ಲ, ಪ್ರೀತಿಯಿಂದಲೇ ಹೇಳಿದ. ಆದರೂ ಇರಲಿ ಎಂದು ನನಗೆ ಬಿಡಲಾಗಲಿಲ್ಲ. ಮೈಕಿನ ವಯರು ಜೋಡಿಸುತ್ತಿದ್ದವನ ಹತ್ತಿರ ಕರಿ ಟೇಪು ಇಸಿದುಕೊಂಡೆ. ಕುರ್ಚಿಯ ಮೇಲೆ ಹತ್ತಿದೆ. ಈ ವಯಸ್ಸಿನಲ್ಲಿ ಬೀಳುತ್ತೀರಿ ಎಂದು ಇಬ್ಬರು ಬಂದು ಕುರ್ಚಿ ಹಿಡಿದುಕೊಂಡರು. ಆ ಅಕ್ಷರಗಳ ಮೇಲೆ ಒಂದರ ಕೆಳಗೊಂದು ಟೇಪು ಅಂಟಿಸಿದೆ, ಒಂದು ಚುಕ್ಕೆಯೂ ಕಾಣದಂತೆ. ಅವಳ ಹೆಸರಷ್ಟೇ ಉಳಿಯಿತು, ಮುಂದೆ ಒಂದು ಕರಿಯ ಪಟ್ಟಿ.

ಸಭೆ ಮುಗಿಯುವವರೆಗೆ ಜನರ ಕಣ್ಣು ಆ ಪಟ್ಟಿಯ ಮೇಲೆಯೇ ಇತ್ತು. ಒಬ್ಬಾಕೆ ನನ್ನ ಹತ್ತಿರ ಬಾಗಿ, ಅದರ ಕೆಳಗೆ ಏನಿತ್ತು ಎಂದು ಕೇಳಿದಳು.

“ಕೃಪಾಂಕ,” ಎಂದೆ.